ಇಪ್ಪತ್ತೊಂದು ಗೆರೆ

ಸೋಲ್ ಶಹರದ ಸಾಮ್‌ಗಕ್ಜಿಯಲ್ಲಿ
ರಕ್ಷಣಾ ಸಚಿವಾಲಯದ ಗೋಡೆಗೆ ಎದುರಾಗಿ ನನ್ನ ಅಂಗಡಿ.
ಕರಿ ಅರಗಿನ ಹಲಗೆಯೊಳಗೆ ಮುತ್ತಿನ ಚಿಪ್ಪು ಕೂರಿಸಿ
ಮೇಜಿನ ಮೇಲಿಡುವ ಹೆಸರು ಮಾಡುತ್ತೇನೆ.
ಮೂವತ್ತೆಂಟು ವರ್ಷ. ಈಗ ಒಂದರ ಮೇಲೊಂದು ಎರಡು ಕನ್ನಡಕ.

ತಾಕ್ ಇನ್‌ಸಪ್ ಮೊದಲ ಸಲ ಬಂದಾಗ ಕರ್ನಲ್.
ಆಮೇಲೆ ಒಂದು ನಕ್ಷತ್ರ, ಎರಡು, ಮೂರು.
ಪ್ರತಿ ಬಡ್ತಿಗೂ ಹೊಸ ಹಲಗೆ.
ಹೆಸರಿನ ಮೂರಕ್ಷರ ಅವೇ,
ಹುದ್ದೆ ಮಾತ್ರ ಹಾವು ಪೊರೆ ಬಿಟ್ಟ ಹಾಗೆ.

ನಿವೃತ್ತಿಯಾದ ಮೇಲೆ ಮೂರು ವರ್ಷ ಕಾನೂನು ಕಾಯಿಸಿತು.
ತಾರಸಿಯಲ್ಲಿ ಮೆಣಸಿನ ಗಿಡ ಹಾಕಿದ್ದರಂತೆ.
ಔಷಧದಂಗಡಿಯ ಸಾಲಿನಲ್ಲಿ ನನ್ನ ಹಿಂದೆ ನಿಂತು ಒಮ್ಮೆ ಅಂದರು:
"ಈಗಲೂ ಬೆಳಗ್ಗೆ ಐದಕ್ಕೇ ಎಚ್ಚರ.
ಯಾರಿಗೂ ನಾನು ಬೇಕಿಲ್ಲ, ಆದರೂ ಐದಕ್ಕೆ."
ನನಗೆ ಅಯ್ಯೋ ಅನ್ನಿಸಿದ್ದು ಸುಳ್ಳಲ್ಲ.

ನಾಲ್ಕನೇ ವರ್ಷದ ಮೊದಲ ಸೋಮವಾರ
ಬೂದು ಕೋಟು ತೊಟ್ಟು ಬಂದರು.
ಹಲಗೆಯ ಅಳತೆ ಹೇಳಿದರು, ಹುದ್ದೆ ಹೇಳಿದರು.
ಕಂಪನಿಯ ಹೆಸರು ಬಾಯಿಂದ ಬರಲಿಲ್ಲ,
ಬಿಲ್ಲಿಗೆ ವಿಳಾಸ ಕೇಳಿದಾಗ ಚೀಟಿಯಲ್ಲಿ ಬರೆದುಕೊಟ್ಟರು.

ನಮ್ಮ ಮಾತಿನಲ್ಲಿ ಸಲಹೆಗಾರನಿಗೆ ಗೋಮುನ್.
ಚಿತ್ರಹಿಂಸೆಗೂ ಗೋಮುನ್.
ಬರೆದರೂ ಒಂದೇ, ಕರೆದರೂ ಒಂದೇ.
ಅದಕ್ಕೇ ಎಲ್ಲರೂ ಹಳೇ ಚೀನೀ ಲಿಪಿಯಲ್ಲೇ ಕೇಳುತ್ತಾರೆ.
ಮೊದಲ ಅಕ್ಷರಕ್ಕೇ ಇಪ್ಪತ್ತೊಂದು ಗೆರೆ;
ಕೂದಲೆಳೆಯಷ್ಟು ಚಿಪ್ಪು, ಉಸಿರು ಬಿಟ್ಟರೆ ಹಾರಿಹೋಗುತ್ತದೆ.
ಈ ವರ್ಷ ಇದು ಹದಿನಾಲ್ಕನೆಯದು.
ಕೈಗೆ ಬಾಯಿಪಾಠ ಆಗಿದೆ.

ಕಂಪನಿ ನನಗೂ ಗೊತ್ತು.
ಚೋರ್ವೊನ್ ಕಡೆ, ಜನವರಿಯಲ್ಲಿ, ಹೊಳೆ ಕಲ್ಲಾಗಿದ್ದ ರಾತ್ರಿ
ಅವರ ಉಕ್ಕಿನ ಗಾಡಿಯ ಮೇಲ್ಮುಚ್ಚಳ ಚಳಿಗೆ ಕಚ್ಚಿಕೊಂಡಿತು.
ಒಳಗೆ ಹೊಗೆ.
ಒಳಗೆ ಪ್ಯೋ ಹನ್‌ಸೋಲ್, ಎರಡು ತಿಂಗಳಲ್ಲಿ ಮನೆಗೆ ಹೋಗಬೇಕಿದ್ದವ.

ಅವನ ತಾಯಿಗೆಂದು ಹಲಗೆ ಮಾಡಿಸಿದವರು ತಾಕ್ ಅವರೇ,
ಸ್ವಂತ ದುಡ್ಡಿನಲ್ಲಿ.
ಇದೇ ಕುರ್ಚಿ. ಟೋಪಿ ಮಂಡಿಯ ಮೇಲೆ.
"ಆ ಮುಚ್ಚಳ ಸರಿಯಾಗುವ ತನಕ ನನ್ನ ಸಹಿ ಬೀಳಲ್ಲ" ಅಂದಿದ್ದರು.
ಬೀಳಲೂ ಇಲ್ಲ. ಅದನ್ನು ಹೇಳದಿದ್ದರೆ ನನಗೆ ಪಾಪ.
ಅವರ ಜಾಗಕ್ಕೆ ಬಂದವರು ಹಾಕಿದರು.

ಹುಡುಗನ ಹಲಗೆ ಎರಡು ಸಲ ಮಾಡಬೇಕಾಯಿತು.
ಸತ್ತ ಮೇಲೆ ಸೈನ್ಯ ಅವನಿಗೆ ಒಂದು ಮೆಟ್ಟಿಲು ಬಡ್ತಿ ಕೊಟ್ಟಿತು,
ನಾನು ಅಷ್ಟರಲ್ಲಿ ಹಳೇ ಹುದ್ದೆ ಕೂರಿಸಿಬಿಟ್ಟಿದ್ದೆ.
ಅದು ಇಲ್ಲೇ ಉಳಿಯಿತು. ಒಲೆಗೆ ಹಾಕಲು ಕೈ ಬರಲಿಲ್ಲ.

"ಮುಚ್ಚಳ?" ಅಂದೆ, ಅಳತೆಪಟ್ಟಿ ಸುತ್ತುತ್ತಾ.
ಅವರು ಗಾಜಿನಾಚೆ ಬಸ್ಸು ನೋಡುತ್ತಿದ್ದರು.
"ಹೊಸ ನಕ್ಷೆ ಬಂದಿದೆ."
ಇನ್ನೊಂದು ಬಸ್ಸು ಹೋಯಿತು.
"ಒಳಗಿದ್ದರೆ ತಾನೇ ಹೇಳಲಿಕ್ಕಾಗುವುದು?"

ಇರಬಹುದು.
ಒಳಗಿದ್ದವನೂ ಹೇಳಿದ್ದನಂತೆ,
ಮೊದಲು ಸ್ಪ್ಯಾನರ್‌ನಿಂದ, ಆಮೇಲೆ ಬರಿಗೈಯಿಂದ.

ಗುರುವಾರ ಬಂದು ಒಯ್ಯುತ್ತಾರೆ.
ಅಂಟು ಆರುವ ಮುಂಚೆ ಸಾಲು ಓರೆಯಾಗಬಾರದು,
ಒತ್ತಿ ಹಿಡಿಯಲು ನೇರ ಅಂಚಿನದೇನಾದರೂ ಬೇಕು.
ಆ ಕೆಲಸಕ್ಕೆ ನಾನು ಇಷ್ಟು ವರ್ಷವೂ ಬಳಸಿದ್ದು
ಹನ್‌ಸೋಲ್‌ನ ಹಳೇ ಹಲಗೆ.
ಮಗುಚಿ ಇಡುತ್ತೇನೆ, ಹೆಸರು ಕೆಳಗೆ.
ಹದಿಮೂರು ಗೋಮುನ್ ಅದರ ಆಸರೆಯಲ್ಲೇ ನೆಟ್ಟಗೆ ಕೂತವು.

ಇವತ್ತು ಅದನ್ನು ಕೈಗೆತ್ತಿಕೊಂಡು
ದೀಪದ ಕೆಳಗೆ ಸುಮ್ಮನೆ ಕೂತೆ.
ಆಮೇಲೆ ಎದುರಂಗಡಿಗೆ ಹೋಗಿ
ಸ್ಟೀಲಿನ ಸ್ಕೇಲು ಕಡ ತಂದೆ.